ಮಹಡಿ ತಂತಿ ಮೇಲೆ ಹದಿನಾಲ್ಕು ಜರ್ಸಿ

ಈ ಸಲದ ಮಳೆಗಾಲ ಪೂರ್ತಿ ನಮ್ಮನೆ ಮಹಡಿ ಮೇಲಿನ ಬಟ್ಟೆ ತಂತಿ ನನ್ನ ಕೈಗೇ ಸಿಗಲಿಲ್ಲ. ನೀಲಿ ಬಣ್ಣದ ಹದಿನಾಲ್ಕು ಜರ್ಸಿ, ಹದಿನಾಲ್ಕು ಚಡ್ಡಿ, ಮೊಣಕಾಲುದ್ದದ ಸಾಕ್ಸು ಇಪ್ಪತ್ತೆಂಟು. ಲೆಕ್ಕ ಹೇಗೆ ಗೊತ್ತು ಅಂದ್ರೆ, ಒಂದು ಸಾಕ್ಸು ಕಡಿಮೆಯಾದ್ರೂ ಕಾಲೇಜಿನೋರು ದುಡ್ಡು ಕೇಳ್ತಾರಂತೆ. ಅದಕ್ಕೇ ಒಗೆದು ಹಾಕುವಾಗ ಒಂದ್ಸಲ, ತೆಗೆಯುವಾಗ ಒಂದ್ಸಲ ಎಣಿಸ್ತಿದ್ದೆ. ಪಕ್ಕದ್ಮನೆಯವರು ಅವರ ಮಹಡಿಯಿಂದ ನೋಡಿ, "ಏನ್ರೀ, ಹಾಸ್ಟೆಲ್ ಶುರು ಮಾಡಿದ್ರಾ?" ಅಂದ್ರು.

"ಇಲ್ಲ ಕಣ್ರೀ, ಫುಟ್‌ಬಾಲ್ ಟೀಮು. ನಮ್ಮ ಪುಟ್ಟೀದು."

"ಹುಡುಗೀರದ್ದಾ? ಈಗಿನೋರು ಬಿಡಿ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು!"

ನಾನೂ ಹೂಂ ಅಂದುಬಿಟ್ಟೆ. ಕೆಳಗೆ ಬಂದು ಹುಳಿಗೆ ತರಕಾರಿ ಹೆಚ್ಚುತ್ತಾ ಕೂತ ಮೇಲೆ ಆ ಹೂಂ ಗಂಟಲಲ್ಲಿ ಸಿಕ್ಕಿಹಾಕ್ಕೊಂಡ ಹಾಗಾಯ್ತು. ಯಾಕಂದ್ರೆ ನಮ್ಮ ಕಾಲದಲ್ಲಿ ಇತ್ತು. ಇತ್ತು ಅಂತ ಬೇರೆ ಯಾರಿಗೆ ಗೊತ್ತಿಲ್ಲದಿದ್ರೂ ನನಗೆ ಗೊತ್ತು. ಇದನ್ನ ನಮ್ಮನೆಯವರು, ಅತ್ತಿಗೆ ನಾದಿನಿಯರು, ಇಲ್ಲಿ ಅರೆಕೆರೆಯ ನಮ್ಮ ರಸ್ತೆಯೋರು ಎಲ್ಲಾ ಓದ್ತೀರಿ ಅಂತ ಗೊತ್ತಿದ್ದೇ ಬರೀತಿದೀನಿ.

ಪುಟ್ಟಿ ಅಂದ್ರೆ ನನ್ನ ಮೈದುನನ ಮಗಳು. ಚನ್ನರಾಯಪಟ್ಟಣದಿಂದ ಓದೋಕೆ ಬಂದು ಎರಡು ವರ್ಷದಿಂದ ನಮ್ಮನೇಲಿದಾಳೆ. ಬಿ.ಕಾಂ. ಎರಡನೇ ವರ್ಷ. ಜೂನ್ ಕೊನೇಲಿ ಒಂದಿನ ಬಂದು "ದೊಡ್ಡಮ್ಮ, ನಮ್ಮ ಕಾಲೇಜಲ್ಲಿ ಹುಡುಗೀರ ಫುಟ್‌ಬಾಲ್ ಟೀಮ್ ಮಾಡ್ತಿದಾರೆ, ಹೆಸರು ಕೊಟ್ಟೆ" ಅಂದ್ಳು. ಕೊಟ್ಟೆ ಅಂದ್ಳು, ಕೊಡ್ಲಾ ಅಂತ ಕೇಳಲಿಲ್ಲ. ಹದಿನಾಲ್ಕು ಹುಡುಗೀರು ಸೇರಿದ್ರು. ಅದರಲ್ಲಿ ಮೊದಲು ಚೆಂಡು ಒದ್ದಿದ್ದೋರು ಮೂರೇ ಜನ. ಗೋಲ್ ಕಾಯೋಕೆ ನಿಲ್ಲಿಸಿದ ಹುಡುಗಿ ಅಲ್ಲೀವರೆಗೂ ಥ್ರೋಬಾಲ್ ಆಡಿದೋಳು. ಚೆಂಡನ್ನ ಕೈಲಿ ಹಿಡಿಯೋಕೆ ಬರೋದು ಅವಳೊಬ್ಬಳಿಗೇ ಅಂತ ಅವಳನ್ನ ಆರಿಸಿದ್ರಂತೆ.

ಕಾಲೇಜು ಕೊಟ್ಟ ಜರ್ಸಿ ಹುಡುಗರ ಹಳೇ ಸೆಟ್ಟು. ಪುಟ್ಟಿ ಹಾಕ್ಕೊಂಡ್ರೆ ತೋಳು ಮೊಣಕೈ ದಾಟಿ ಇಳೀತಿತ್ತು. ನಮ್ಮತ್ತೆಯ ಹೊಲಿಗೆ ಮಿಷನ್ ಎಣ್ಣೆ ಕಾಣದೆ ಆರು ವರ್ಷ ಆಗಿತ್ತು. ಅದನ್ನ ಈಚೆಗೆ ಎಳೆದು, ಪಕ್ಕ ಹಿಡಿದು, ತೋಳು ಮಡಚಿ ಹದಿನಾಲ್ಕನ್ನೂ ಹೊಲಿದೆ. ಹೊಲಿದ ಮೇಲೆ ಒಗೆಯೋ ಕೆಲಸವೂ ನನ್ನ ಪಾಲಿಗೇ ಬಂತು. ಹುಡುಗೀರಲ್ಲಿ ಅರ್ಧ ಜನ ಪಿ.ಜಿ.ಯಲ್ಲಿರೋರು, ಬಟ್ಟೆ ಒಣಗಿಸೋಕೆ ಜಾಗ ಎಲ್ಲಿಂದ ಬರಬೇಕು.

ಈಗ 1984ಕ್ಕೆ ಬರ್ತೀನಿ.

ಆಗ ನಮ್ಮ ತವರುಮನೆ ಜಯನಗರದಲ್ಲಿ. ಅರೆಕೆರೆ ಅಂದ್ರೆ ಬನ್ನೇರುಘಟ್ಟದ ದಾರೀಲಿ ಸಿಗೋ ಒಂದು ಹಳ್ಳಿ, ಅಷ್ಟೇ. ನಾನು ಹತ್ತಿರದ ಒಂದು ಹೆಣ್ಣುಮಕ್ಕಳ ಕಾಲೇಜಲ್ಲಿ ಬಿ.ಎ. ಕೊನೇ ವರ್ಷ, ತಂಗಿ ಅಲ್ಲೇ ಪಿ.ಯು.ಸಿ. ನಮಗೆ ಆಟ ಇರಲಿಲ್ಲ ಅಂತಲ್ಲ. ಥ್ರೋಬಾಲ್ ಇತ್ತು, ಟೆನಿಕಾಯ್ಟ್ ಇತ್ತು (ನಾವು ರಿಂಗ್ ಅಂತಿದ್ವಿ), ಖೋಖೋ, ಷಟಲ್ ಎಲ್ಲಾ ಇತ್ತು. ಸಲ್ವಾರ್ ಹಾಕ್ಕೊಂಡು, ಜಡೆ ಮಡಚಿ ಕಟ್ಟಿಕೊಂಡು ಆಡಬಹುದಾದ ಆಟಗಳು. ಆ ವರ್ಷ ಹೊಸದಾಗಿ ಬಂದ ಪಿ.ಟಿ. ಮೇಡಂ ನೋಟಿಸ್ ಬೋರ್ಡಲ್ಲಿ ಒಂದು ಚೀಟಿ ಅಂಟಿಸಿದ್ರು. ಫುಟ್‌ಬಾಲ್ ಆಡೋಕೆ ಇಷ್ಟ ಇರೋರು ಹೆಸರು ಕೊಡಿ ಅಂತ. ತಂಗಿ ಅವತ್ತೇ ಕೊಟ್ಟಳು. ಅವಳು ಬೀದೀಲಿ ಹುಡುಗರ ಜೊತೆ ಆಡಿಕೊಂಡೇ ಬೆಳೆದೋಳು. ಅವಳ ಕಾಲಲ್ಲಿ ಚೆಂಡು ಅಂಟಿಕೊಂಡ ಹಾಗೆ ಇರ್ತಿತ್ತು.

ಹತ್ತು ಹನ್ನೆರಡು ದಿನ ಸಂಜೆ ಪ್ರಾಕ್ಟೀಸಿಗೆ ನಿಂತಳು. ಮನೇಲಿ ಸ್ಪೆಷಲ್ ಕ್ಲಾಸ್ ಅಂತ ಹೇಳಿದ್ದಳು. ಅಮ್ಮನಿಗೆ ಹೇಳಿದ್ದು ನಾನು. ಚಡ್ಡಿ ಹಾಕ್ಕೊಂಡು ಆಡ್ತಾಳೆ ಅನ್ನೋದನ್ನೂ ಸೇರಿಸಿ ಹೇಳಿದೆ. ಕತ್ತಲಾಗುತ್ತೆ, ಒಬ್ಬಳೇ ಬರ್ತಾಳೆ, ಏನಾದ್ರೂ ಆದ್ರೆ ಅನ್ನೋ ಭಯ ಇದ್ದಿದ್ದು ನಿಜ. ಆದ್ರೆ ಅದೊಂದೇ ಅಲ್ಲ. ಓದಿನಲ್ಲಿ, ಹಾಡಿನಲ್ಲಿ, ರಂಗೋಲೀಲಿ ಎಲ್ಲದರಲ್ಲೂ ಅವಳೇ ಮುಂದೆ ಇರ್ತಿದ್ದಳು, ಇದರಲ್ಲೂ ಮುಂದೆ ಹೋಗ್ತಿದಾಳೆ ಅನ್ನೋದು ಇತ್ತು. ಇಪ್ಪತ್ತು ವರ್ಷದ ಹುಡುಗಿಯ ಹೊಟ್ಟೆಕಿಚ್ಚು ಅಂತ ನೀವು ಕ್ಷಮಿಸಬಹುದು. ಅಮ್ಮ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ನಿಂತೇ ತೀರ್ಮಾನ ಕೊಟ್ಟರು: "ಕಾಲು ಮುರ್ಕೊಂಡು ಕೂತ್ರೆ ನಾಳೆ ಯಾರು ಮಾಡ್ಕೋತಾರೆ?" ಅಲ್ಲಿಗೆ ಮುಗೀತು. ಆ ವರ್ಷ ತಂಡವೂ ಆಗಲಿಲ್ಲ, ಹನ್ನೊಂದು ಜನ ಸೇರಲೇ ಇಲ್ಲ. ಮೇಡಂ ಮುಂದಿನ ವರ್ಷ ಬೇರೆ ಕಡೆ ಹೋದರು.

ನನಗೆ ಆಗ, ನಿಜ ಹೇಳ್ತೀನಿ, ಈ ದೇಶದಲ್ಲಿ ಹೆಣ್ಣುಮಕ್ಕಳು ಎಲ್ಲಾದ್ರೂ ಫುಟ್‌ಬಾಲ್ ಆಡ್ತಾರೆ ಅಂತಾನೇ ಗೊತ್ತಿರಲಿಲ್ಲ. ತಂಗಿ ಏನೋ ವಿಚಿತ್ರಕ್ಕೆ ಕೈ ಹಾಕಿದಾಳೆ ಅಂದ್ಕೊಂಡಿದ್ದೆ. ಈ ವರ್ಷ ಜರ್ಸಿ ಒಣಗಿಸ್ತಾ, ಪುಟ್ಟಿ ಫೋನಲ್ಲಿ ಹುಡುಕಿ ಕೊಟ್ಟಿದ್ದನ್ನ ಓದ್ತಾ ಕೂತಾಗ ತಿಳಿದ ವಿಷಯ ಕೇಳಿ.

ಭಾರತದ ಮಹಿಳಾ ಫುಟ್‌ಬಾಲ್ ಫೆಡರೇಷನ್ ಹುಟ್ಟಿದ್ದು 1975ರಲ್ಲಿ. ಮೊದಲ ರಾಷ್ಟ್ರೀಯ ಮಹಿಳಾ ಟೂರ್ನಿ ಲಕ್ನೋದಲ್ಲಿ ನಡೆದಿದ್ದೂ ಆ ವರ್ಷವೇ. ಆಗ ಗಂಡಸರ ಫುಟ್‌ಬಾಲ್ ಸಂಸ್ಥೆಗೂ ಇದಕ್ಕೂ ಸಂಬಂಧವಿರಲಿಲ್ಲ. ಏಷ್ಯಾ ಮಟ್ಟದಲ್ಲೂ ಹಾಗೇ, ಹೆಂಗಸರ ಫುಟ್‌ಬಾಲಿಗೆ ಬೇರೆಯೇ ಒಂದು ಸಂಘ ಇತ್ತು. ದೊಡ್ಡಮನೆಯೋರು ಸೇರಿಸಿಕೊಳ್ಳಲಿಲ್ಲ ಅಂತ ಹಿತ್ತಲಲ್ಲಿ ಬೇರೆ ಒಲೆ ಹೂಡಿದ ಹಾಗೆ. ಆ ಒಲೆ ಮೇಲೆ ಏನು ಬೆಂದಿತು ನೋಡಿ. 1980ರ ಜನವರಿಯಲ್ಲಿ ಏಷ್ಯಾ ಮಹಿಳಾ ಚಾಂಪಿಯನ್‌ಶಿಪ್ ಕೇರಳದ ಕೋಳಿಕ್ಕೋಡಿನಲ್ಲಿ ನಡೆಯಿತು. ನಮ್ಮ ದೇಶದಿಂದ ಒಂದಲ್ಲ, ಎರಡು ತಂಡ ಇಳಿಸಿದ್ರು. ಒಂದಕ್ಕೆ 'ಎಸ್' ಅಂತ ಹೆಸರು, ಇನ್ನೊಂದಕ್ಕೆ 'ಎನ್' ಅಂತ. ಅದರಲ್ಲಿ 'ಎಸ್' ತಂಡ ಫೈನಲ್ ತನಕ ಹೋಗಿ ತೈವಾನ್ ತಂಡಕ್ಕೆ 2–0ರಲ್ಲಿ ಸೋತಿತು. ಏಷ್ಯಾಕ್ಕೇ ಎರಡನೇ ಸ್ಥಾನ ಕಣ್ರೀ! ಮರುವರ್ಷ ಹಾಂಗ್‌ಕಾಂಗಿನಲ್ಲಿ ಮೂರನೇ ಸ್ಥಾನ. 1983ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಫೈನಲ್, ಥಾಯ್ಲೆಂಡಿಗೆ 3–0ರಲ್ಲಿ ಸೋಲು. ಆ ಕಾಲದಲ್ಲಿ ಭಾರತಕ್ಕೆ ಆಡಿದೋರಲ್ಲಿ ನಮ್ಮ ಕರ್ನಾಟಕದ ಚಿತ್ರಾ ಗಂಗಾಧರನ್ ಕೂಡ ಇದ್ದರು. ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ 1983ರ ಅರ್ಜುನ ಪ್ರಶಸ್ತಿ ಬಂತು, ಆ ಪ್ರಶಸ್ತಿ ಪಡೆದ ಮೊದಲ ಫುಟ್‌ಬಾಲ್ ಆಟಗಾರ್ತಿ ಅವರು.

ಕೋಳಿಕ್ಕೋಡು ಎಷ್ಟು ದೂರ? ಬೆಂಗಳೂರಿಂದ ಒಂದು ರಾತ್ರಿ ಬಸ್ಸು. ನಮ್ಮಪ್ಪ ದಿನಾ ಪೇಪರಿನ ಆಟದ ಪುಟ ಮೊದಲು ಓದಿ ಆಮೇಲೆ ಮುಖಪುಟ ನೋಡ್ತಿದ್ದೋರು. 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದಾಗ ಮನೇಲಿ ಪಾಯಸ ಮಾಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. 1983ರಲ್ಲಿ ಕಪಿಲ್ ದೇವ್ ಕಪ್ ಎತ್ತಿದ ರಾತ್ರಿ ಬೀದಿ ತುಂಬ ಪಟಾಕಿ. ಅದೇ ಎರಡು ವರ್ಷದಲ್ಲಿ ಹೆಣ್ಣುಮಕ್ಕಳು ಎರಡು ಸಲ ಏಷ್ಯಾ ಫೈನಲ್ ಆಡಿದ್ರು ಅಂತ ನಮ್ಮನೇಲಿ ಯಾರೂ ಒಂದು ಮಾತು ಆಡಿದ್ದು ನೆನಪಿಲ್ಲ. ಮೂಲೇಲಿ ಎಲ್ಲೋ ಎರಡು ಸಾಲು ಬಂದಿದ್ರೂ ಇರಬಹುದು. ತಂಗಿ ಮಾಡ್ತಿದ್ದದ್ದು ವಿಚಿತ್ರ ಅಲ್ಲ, ಅವಳ ಹಾಗೆ ನೂರಾರು ಹುಡುಗೀರು ಆಗಲೇ ಆಡ್ತಿದ್ದಾರೆ ಅಂತ ಅವತ್ತು ಗೊತ್ತಿದ್ದಿದ್ರೆ ಅಮ್ಮನ ಹತ್ತಿರ ನಾನು ಹೇಗೆ ಹೇಳ್ತಿದ್ದೆನೋ. ಅಪ್ಪನಿಗಂತೂ ಹೆಮ್ಮೆ ಆಗಿರೋದು.

ನಮ್ಮಲ್ಲಿ ಮಾತ್ರ ಹೀಗೆ ಅಂದ್ಕೋಬೇಡಿ. ಇಂಗ್ಲೆಂಡಿನದ್ದು ಇನ್ನೂ ಚೆಂದ. ಮೊದಲನೇ ಮಹಾಯುದ್ಧದಲ್ಲಿ ಗಂಡಸರೆಲ್ಲ ಯುದ್ಧಕ್ಕೆ ಹೋದಾಗ ಹೆಂಗಸರು ಕಾರ್ಖಾನೆಗೆ ಹೋದರು, ಊಟದ ಬಿಡುವಿನಲ್ಲಿ ಚೆಂಡು ಒದೆಯೋಕೆ ಶುರು ಮಾಡಿದರು. ಪ್ರೆಸ್ಟನ್ ಅನ್ನೋ ಊರಿನ ಡಿಕ್, ಕೆರ್ ಕಾರ್ಖಾನೆಯ ಹುಡುಗೀರ ತಂಡ ಎಷ್ಟು ಹೆಸರಾಯ್ತು ಅಂದ್ರೆ, 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡೋಕೆ 53,000 ಜನ ಬಂದಿದ್ರು. ಬಂದ ದುಡ್ಡು ದಾನಧರ್ಮಕ್ಕೆ. ಒಂದು ವರ್ಷ ತುಂಬೋದ್ರೊಳಗೆ, 1921ರ ಡಿಸೆಂಬರ್ 5ಕ್ಕೆ, ಅಲ್ಲಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ಹೇಳಿಸಿದ್ದಲ್ಲ ಅಂತ ಠರಾವು ಮಾಡಿತು. ಗಮನಿಸಿ, ಆಡಬೇಡಿ ಅನ್ನಲಿಲ್ಲ. ತಮ್ಮ ಸದಸ್ಯ ಕ್ಲಬ್ಬುಗಳು ಹೆಂಗಸರಿಗೆ ಗ್ರೌಂಡು ಕೊಡಬಾರದು ಅಂದಿತು. ಊಟಕ್ಕೆ ಬನ್ನಿ ಅಂತ ಕರೆದು ಎಲೆ ಹಾಕದೇ ಇದ್ದ ಹಾಗೆ. ಅದನ್ನ ತೆಗೆಯೋಕೆ ಸುಮಾರು ಐವತ್ತು ವರ್ಷ ಬೇಕಾಯ್ತು. ಫುಟ್‌ಬಾಲಿನ ತವರು ಅನ್ನೋ ಬ್ರೆಜಿಲ್ಲಿನಲ್ಲಂತೂ 1941ರಿಂದ 1979ರವರೆಗೆ ಸರ್ಕಾರದ್ದೇ ನಿಷೇಧ. ಅಂದ್ರೆ ಬ್ರೆಜಿಲ್ ಹುಡುಗೀರಿಗೆ ಆಡೋ ಹಕ್ಕು ವಾಪಸ್ ಬಂದ ಮರುವರ್ಷವೇ ನಮ್ಮೋರು ಏಷ್ಯಾ ಫೈನಲ್ ಆಡಿದ್ರು.

ಹಾಗಾದ್ರೆ ನಾವು ಮುಂದಿದ್ದೋರು ಹಿಂದೆ ಬಿದ್ದಿದ್ದು ಹೇಗೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ತಂಗಿಯಿಂದಲೇ. ಅವಳೀಗ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಕೇರಿ ಅನ್ನೋ ಊರಲ್ಲಿದಾಳೆ. (ನಮ್ಮತ್ತೆ ಕೊನೇವರೆಗೂ "ಯಾವ ಕೇರಿ?" ಅಂತ ಕೇಳ್ತಾನೇ ಇದ್ದರು.) ಅವಳ ಮಗಳು ಆರು ವರ್ಷದಿಂದ ಹೈಸ್ಕೂಲು ಮುಗಿಯೋವರೆಗೂ ಫುಟ್‌ಬಾಲ್ ಆಡಿದಳು, ಅಲ್ಲಿ ಸಾಕರ್ ಅಂತಾರೆ. ತಂಗಿ ಹನ್ನೆರಡು ವರ್ಷ ಕಾರು ಓಡಿಸಿದಾಳೆ, ಇಡೀ ತಂಡಕ್ಕೆ ಕಿತ್ತಳೆ ಹಣ್ಣು ಹೆಚ್ಚಿ ಡಬ್ಬಿಗೆ ಹಾಕಿದಾಳೆ. ಅರ್ಧ ಗಂಟೆ ದೂರದ ಚಾಪೆಲ್ ಹಿಲ್ಲಿಗೆ ಹೋಗಿ ಕಾಲೇಜು ಹುಡುಗೀರ ಪಂದ್ಯ ನೋಡ್ತಿದ್ರಂತೆ. "ಅಕ್ಕ, ಇಲ್ಲಿ ಎಲ್ಲಾ ಬದಲಾಯಿಸಿದ್ದು ಒಂದು ಕಾನೂನು, ಅದರಲ್ಲಿ ಆಟ ಅನ್ನೋ ಪದವೇ ಇಲ್ಲ ಗೊತ್ತಾ" ಅಂದ್ಳು.

ಅದು 1972ರ ಜೂನ್ 23ರಂದು ಬಂದ ಟೈಟಲ್ ನೈನ್ ಅನ್ನೋ ಕಾನೂನು. ಇಂಗ್ಲಿಷಿನಲ್ಲಿ ಬರೀ ಮೂವತ್ತೇಳು ಪದ. ಸರ್ಕಾರದ ದುಡ್ಡು ತಗೊಳ್ಳೋ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅನ್ನೋದು ಅದರ ಸಾರ. ಅದರ ಹಿಂದೆ ನಿಂತು ದುಡಿದೋರಲ್ಲಿ ಹವಾಯಿಯ ಪ್ಯಾಟ್ಸಿ ಮಿಂಕ್ ಒಬ್ಬರು, ಜಪಾನಿ ಮೂಲದವರು. ಕಾಲೇಜುಗಳಲ್ಲಿ ಆಟ ಅನ್ನೋದೂ ಶಿಕ್ಷಣದ ಭಾಗವೇ ಅಲ್ಲವಾ? ಹುಡುಗರಿಗೆ ತಂಡ ಇದ್ರೆ ಹುಡುಗೀರಿಗೂ ಬೇಕು, ಅವರಿಗೆ ಸ್ಕಾಲರ್‌ಶಿಪ್ ಇದ್ರೆ ಇವರಿಗೂ ಬೇಕು ಅಂತಾಯ್ತು. ಖುಷಿಯಿಂದ ಕೊಟ್ಟರು ಅಂತಲ್ಲ, ಕೊಡದಿದ್ರೆ ಕೋರ್ಟು ಇತ್ತು. ಚಾಪೆಲ್ ಹಿಲ್ಲಿನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ತನ್ನ ಮಹಿಳಾ ತಂಡ ಶುರು ಮಾಡಿದ್ದು 1979ರಲ್ಲಿ, ಅಂದ್ರೆ ಕೋಳಿಕ್ಕೋಡಿನ ಟೂರ್ನಿಗೆ ಕೆಲವೇ ತಿಂಗಳ ಮುಂಚೆ. ಆನ್ಸನ್ ಡೊರೆನ್ಸ್ ಅನ್ನೋ ಕೋಚ್. 1982ರಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಮೊದಲ ಸಲ ಮಹಿಳಾ ಸಾಕರ್ ಚಾಂಪಿಯನ್‌ಶಿಪ್ ನಡೆಸಿದಾಗ ಹನ್ನೆರಡು ತಂಡ ಇಳಿದವು, ಗೆದ್ದಿದ್ದು ಈ ತಂಡ. ಆಮೇಲೆ 1986ರಿಂದ 1990ರವರೆಗೆ ಸತತ 103 ಪಂದ್ಯ ಸೋಲಲೇ ಇಲ್ಲ. ಅಲ್ಲಿ ಒಂದು ಕಾಲೇಜು ತಂಡ ಆಗಸ್ಟಿನಿಂದ ಡಿಸೆಂಬರೊಳಗೆ ಇಪ್ಪತ್ತು ಚಿಲ್ಲರೆ ಪಂದ್ಯ ಆಡುತ್ತೆ. ಬೇರೆ ಊರಿಗೆ ಬಸ್ಸು, ಊಟ, ಡಾಕ್ಟರು ಎಲ್ಲಾ ಕಾಲೇಜಿಂದು.

ಅಮೆರಿಕದ ಮಹಿಳಾ ರಾಷ್ಟ್ರೀಯ ತಂಡ ಮೊದಲ ಪಂದ್ಯ ಆಡಿದ್ದು 1985ರ ಆಗಸ್ಟಿನಲ್ಲಿ, ಇಟಲಿಯ ಯೆಸೊಲೊದಲ್ಲಿ. ನಾಲ್ಕು ಪಂದ್ಯ ಆಡಿ ಒಂದೂ ಗೆಲ್ಲಲಿಲ್ಲ. ಅವರಿಗೆ ಕೊಟ್ಟಿದ್ದೂ ಗಂಡಸರ ಅಳತೆಯ ಬಟ್ಟೆ. ಹೊರಡೋ ಹಿಂದಿನ ರಾತ್ರಿ ಎಲ್ಲರೂ ಕೂತು ಕತ್ತರಿಸಿ ಹೊಲಿದು, ಎದೆ ಮೇಲೆ ದೇಶದ ಹೆಸರಿನ ಅಕ್ಷರ ಇಸ್ತ್ರಿ ಹಾಕಿ ಅಂಟಿಸಿಕೊಂಡರಂತೆ. ಇದನ್ನ ಓದಿದಾಗ ನಾನು ಮಿಷನ್ ಮುಂದೇನೇ ಕೂತಿದ್ದೆ, ಹನ್ನೊಂದನೇ ನಂಬರಿನ ಜರ್ಸಿ ಕೈಲಿತ್ತು. ಸೂಜಿ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆರೇ ವರ್ಷ. 1991ರಲ್ಲಿ ಚೀನಾದಲ್ಲಿ ಮೊದಲ ಮಹಿಳಾ ವಿಶ್ವ ಟೂರ್ನಿ ನಡೆದಾಗ ಆ ತಂಡ ನಾರ್ವೆಯನ್ನ 2–1ರಲ್ಲಿ ಸೋಲಿಸಿ ಗೆದ್ದುಬಿಟ್ಟಿತು. ಕೋಚ್ ಅದೇ ಡೊರೆನ್ಸ್, ತಂಡದಲ್ಲಿ ಸುಮಾರು ಅರ್ಧ ಜನ ಅವರ ಕಾಲೇಜಿನಲ್ಲಿ ಆಡಿದ ಹುಡುಗೀರೇ. (ಆ ಟೂರ್ನಿಗೆ ವಿಶ್ವಕಪ್ ಅಂತ ಹೆಸರಿಡೋಕೂ ಆಗ ಧೈರ್ಯ ಇರಲಿಲ್ಲ, ಎಂ ಅಂಡ್ ಎಂಸ್ ಅನ್ನೋ ಚಾಕೊಲೇಟ್ ಗುಂಡಿನ ಹೆಸರಲ್ಲಿ ಕಪ್ಪು ಕೊಟ್ಟರು. ಪಂದ್ಯವೂ ತೊಂಬತ್ತು ನಿಮಿಷದ ಬದಲು ಎಂಬತ್ತೇ. ಹೆಂಗಸರಿಗೆ ಸುಸ್ತಾಗುತ್ತೆ ಅಂತ ಇರಬೇಕು. ದಿನಾ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ನಿಂತಿರೋರಿಗೆ!)

ಈಗ ಪಕ್ಕಪಕ್ಕ ಇಟ್ಟು ನೋಡಿ. ನಮ್ಮೋರು ಏಷ್ಯಾ ಫೈನಲ್ ಆಡಿದಾಗ ಅಮೆರಿಕಕ್ಕೆ ತಂಡವೇ ಇರಲಿಲ್ಲ. ಜಪಾನಿನ ತಂಡ ಹುಟ್ಟಿದ್ದು 1981ರಲ್ಲಿ, ಅದು 2011ರಲ್ಲಿ ವಿಶ್ವಕಪ್ ಗೆದ್ದಿತು. ನಮ್ಮ ಹುಡುಗೀರ ಕಾಲಿಗೆ ಶಕ್ತಿ ಕಡಿಮೆ ಇತ್ತು ಅಂತ ಹೇಳೋಕಾಗುತ್ತಾ? ನನ್ನ ಪ್ರಕಾರ ಕೊರತೆ ಇದ್ದಿದ್ದು ಕಾಲೇಜಿನ ಗ್ರೌಂಡಲ್ಲಿ. ನಮ್ಮಲ್ಲಿ ತಂಡ ಅನ್ನೋದು ಒಬ್ಬ ಪಿ.ಟಿ. ಮೇಡಂ ಉತ್ಸಾಹದ ಮೇಲೆ ನಿಂತಿತ್ತು. ಅವರು ವರ್ಗ ಆದ್ರೆ ತಂಡವೂ ಹೋಯ್ತು. ಪ್ರತಿ ವರ್ಷ ಸೀಸನ್ ಬರುತ್ತೆ, ಪಂದ್ಯ ಇರುತ್ತೆ, ಈ ವರ್ಷ ಸೋತ್ರೆ ಮುಂದಿನ ವರ್ಷ ನೋಡ್ಕೊಳ್ಳೋಣ ಅನ್ನೋ ಭರವಸೆ ಇರಲಿಲ್ಲ.

1983ರ ನಂತರದ ಕತೆ ಬೇಗ ಹೇಳಿಬಿಡ್ತೀನಿ, ಹೇಳೋಕೆ ಸಂತೋಷ ಆಗಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಹೆಂಗಸರ ಫುಟ್‌ಬಾಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕೈಗೆ ಬಂತು. ಅಂತೂ ದೊಡ್ಡಮನೆ ಒಳಗೆ ಕರ್ಕೊಂಡ್ರು, ಆದ್ರೆ ನಡುಮನೇಲಿ ಜಾಗ ಕೊಡಲಿಲ್ಲ. 2009ರಲ್ಲಿ ಭಾರತ ತಂಡ ಒಂದೂವರೆ ವರ್ಷಕ್ಕೂ ಮೇಲೆ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡಿಲ್ಲ ಅಂತ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ತೆಗೆದುಹಾಕಿದರು. ಗಂಡಸರ ರಾಷ್ಟ್ರೀಯ ಲೀಗ್ 1996ರಲ್ಲಿ ಶುರುವಾದ್ರೆ ಹೆಂಗಸರದ್ದು ಶುರುವಾಗಿದ್ದು 2016–17ಕ್ಕೆ. ಶಾಂತಿ ಮಲ್ಲಿಕ್ ಆದ ಮೇಲೆ ಎರಡನೇ ಮಹಿಳಾ ಫುಟ್‌ಬಾಲಿಗೆ ಅರ್ಜುನ ಸಿಕ್ಕಿದ್ದು 2017ರಲ್ಲಿ, ಮಣಿಪುರದ ಬೆಂಬೆಂ ದೇವಿಗೆ. ಮೂವತ್ತನಾಲ್ಕು ವರ್ಷ! ಈ ಮಧ್ಯೆ ಆಟದ ಬೆಂಕಿ ಆರದ ಹಾಗೆ ನೋಡಿಕೊಂಡಿದ್ದು ಮಣಿಪುರ. ರಾಷ್ಟ್ರೀಯ ಚಾಂಪಿಯನ್‌ಶಿಪ್ಪನ್ನ ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದಿದಾರೆ. ಇಂಫಾಲದಲ್ಲಿ ಇಮಾ ಮಾರುಕಟ್ಟೆ ಅಂತ ಇದೆ, ಅಲ್ಲಿ ಅಂಗಡಿ ಇಡೋರೆಲ್ಲ ಹೆಂಗಸರೇ. ಅಂಥ ಊರಲ್ಲಿ ಹುಡುಗಿ ಗ್ರೌಂಡಿಗಿಳಿದ್ರೆ ಯಾರು ತಾನೇ ಬೆರಗಾಗ್ತಾರೆ ಅಂತ ನನಗನ್ನಿಸ್ತು.

ನಮ್ಮ ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. ಮೈಸೂರು ರಾಜ್ಯ ಅಂತಿದ್ದಾಗ ಗಂಡಸರು ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿದ್ರು, ಆಮೇಲೆ 54 ವರ್ಷ ಕಾದು 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮತ್ತೆ ಗೆದ್ದರು. ಅದು ಟೀವೀಲಿ ಬಂತು. ಅದೇ ವರ್ಷ ಮೇ 21ಕ್ಕೆ ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಹುಡುಗೀರು ಅಹಮದಾಬಾದಿನಲ್ಲಿ ಭಾರತೀಯ ಮಹಿಳಾ ಲೀಗಿನ ಫೈನಲ್ ಆಡಿದ್ರು. ಕೇರಳದ ಗೋಕುಲಂ ಎದುರು 5–0 ಸೋತರು, ಆದ್ರೆ ಫೈನಲ್ ಆಡಿದ್ರು. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನನಗೂ ಗೊತ್ತಿರಲಿಲ್ಲ. 2025ರ ಜುಲೈ 5ಕ್ಕೆ ಭಾರತ ತಂಡ ಥಾಯ್ಲೆಂಡಿನ ಚಿಯಾಂಗ್ ಮಾಯಿಯಲ್ಲಿ ಥಾಯ್ಲೆಂಡನ್ನೇ 2–1ರಲ್ಲಿ ಸೋಲಿಸಿ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಹೊಡೆದಿದ್ದು. ಆ ಟೂರ್ನಿ 2026ರ ಮಾರ್ಚಿಗೆ, ಆಸ್ಟ್ರೇಲಿಯಾದಲ್ಲಿ. ಪುಟ್ಟಿ ಫೋನಲ್ಲಿ ನೋಡ್ತಾ ಕಿರುಚಿದ ಕಿರುಚಿಗೆ ನಮ್ಮನೆಯವರು ಎದ್ದು ಗ್ಯಾಸ್ ನೋಡೋಕೆ ಓಡಿದ್ರು. ಬ್ಯಾಂಕಾಕಿನಲ್ಲಿ ಸೋತು ನಲವತ್ತೆರಡು ವರ್ಷ ಆಗಿತ್ತು ಅಂತ ಅವಳಿಗೆ ಹೇಳಿದವಳು ನಾನು. ಅವಳಿಗೆ ಅದು ಗೊತ್ತಿರಲಿಲ್ಲ.

ಇನ್ನು ಪುಟ್ಟಿಯ ಸೀಸನ್. ಸೀಸನ್ ಅಂತ ದೊಡ್ಡದಾಗಿ ಕರೀತೀನಿ, ಒಟ್ಟು ಮೂರು ಪಂದ್ಯ. ನಾಲ್ಕು ಕಾಲೇಜಿನ ಒಂದು ಗುಂಪು, ಅದರಲ್ಲಿ ಮೊದಲೆರಡು ಮುಂದಕ್ಕೆ. ಪ್ರಾಕ್ಟೀಸು ಬೆಳಿಗ್ಗೆ ಐದೂ ಮುಕ್ಕಾಲಕ್ಕೆ, ಏಳಕ್ಕೆ ಕ್ರಿಕೆಟ್ ಹುಡುಗರು ಬಂದು ವಿಕೆಟ್ ನೆಟ್ಟುಬಿಡ್ತಿದ್ರು. ಅಷ್ಟರಲ್ಲಿ ಜಾಗ ಖಾಲಿ ಮಾಡಬೇಕು. ನಾನು ಐದಕ್ಕೆದ್ದು ರಾಗಿ ಗಂಜಿ ಕಾಯಿಸಿ ಕೊಡ್ತಿದ್ದೆ, ನಮ್ಮನೆಯವರು ಸ್ಕೂಟರಲ್ಲಿ ಬಿಟ್ಟು ಬರ್ತಿದ್ರು.

ಮೊದಲ ಪಂದ್ಯ 5–1 ಸೋತರು. ಆ ಒಂದು ಗೋಲು ಹೊಡೆದಾಗ ಕುಣಿದಿದ್ದು ನೋಡಿದ್ರೆ ಎದುರಿನೋರು ಯಾರು ಗೆದ್ದಿದ್ದು ಅಂತ ಅನುಮಾನ ಪಡಬೇಕು. ಎರಡನೇದಕ್ಕೆ ಎದುರು ಕಾಲೇಜಿಂದ ಬಂದಿದ್ದು ಆರೇ ಹುಡುಗೀರು. ಏಳು ಜನರಿಗಿಂತ ಕಡಿಮೆ ಇದ್ರೆ ಪಂದ್ಯ ಶುರು ಮಾಡೋ ಹಾಗಿಲ್ಲ, ಅದು ನಿಯಮ. ಆಡದೇ ಗೆದ್ದರು. ಬಂದಿದ್ದ ಆರು ಹುಡುಗೀರ ಮುಖ ನೋಡೋಕಾಗಲಿಲ್ಲ ಅಂತ ಪುಟ್ಟಿ ಹೇಳಿದ್ಳು. ಒಬ್ಬಳು ಮಲ್ಲೇಶ್ವರದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ಳಂತೆ. ಕೊನೆಗೆ ಎರಡೂ ಕಡೆಯೋರು ಬೆರೆತು, ಜರ್ಸಿ ಹಂಚಿಕೊಂಡು ಅರ್ಧ ಗಂಟೆ ಆಡಿ ಮನೆಗೆ ಹೋದರು. ಅವತ್ತು ಸಾಕ್ಸು ಎಣಿಸಿದಾಗ ಒಂದು ಜಾಸ್ತಿ ಇತ್ತು.

ಮೂರನೇ ಪಂದ್ಯದಲ್ಲಿ ಸೋಲದೇ ಇದ್ರೆ ಸಾಕು, ಮುಂದಕ್ಕೆ ಹೋಗ್ತಿದ್ರು. ಅದಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಎಡಗಡೆ ಹಿಂದೆ ನಿಲ್ಲೋ ಹುಡುಗಿ ಬರಲ್ಲ ಅಂದ್ಳು. ಹುಳಿಮಾವಿನ ಹತ್ತಿರದ ಮನೆ. ಹುಡುಗಿ ಒಳ್ಳೇ ಓಟಗಾರ್ತಿ, ಆ ಮೂರು ಜನ ಮೊದಲೇ ಆಡಿದ್ದೋರಲ್ಲಿ ಒಬ್ಬಳು. ಪುಟ್ಟಿ ಬಂದು "ದೊಡ್ಡಮ್ಮ, ನೀವೊಂದ್ಸಲ ಹೋಗಿ ಮಾತಾಡ್ತೀರಾ?" ಅಂದ್ಳು. ಹೋದೆ. ಕಾಫಿ ಕೊಟ್ಟರು, ಚಕ್ಕುಲಿ ಕೊಟ್ಟರು, ಮರ್ಯಾದೆಯ ಜನ. ಅಪ್ಪನಿಗೆ ಅಂಥ ತಕರಾರಿರಲಿಲ್ಲ. ಹುಡುಗಿಯ ಅಜ್ಜಿ ಹೇಳಿದರು, ಗಂಡಿನ ಕಡೆಯೋರು ಮುಂದಿನ ವಾರ ನೋಡೋಕೆ ಬರ್ತಿದಾರೆ, ಮುಖ ಬಿಸಿಲಿಗೆ ಹೇಗಾಗಿದೆ ನೋಡಿ, ಕಾಲಿಗೆ ಪೆಟ್ಟಾಗಿ ಕುಂಟಿಕೊಂಡು ಬಂದು ತಟ್ಟೆ ಹಿಡೀಬೇಕಾ ಅಂತ. ಆ ಮಾತು ಅವರ ಬಾಯಿಂದ ಬರ್ತಿದ್ರೆ ನನ್ನ ಕಿವಿಗೆ ಬಟ್ಟೆ ಕಲ್ಲಿನ ಹತ್ತಿರ ನಿಂತ ನಮ್ಮಮ್ಮನ ದನಿಯೇ ಕೇಳಿಸ್ತಿತ್ತು. ನಾನು ಕೋಳಿಕ್ಕೋಡಿನ ಕತೆ ಹೇಳಿದೆ, ಶಾಂತಿ ಮಲ್ಲಿಕ್ ಕತೆ ಹೇಳಿದೆ. ಆಟದ ಮೇಲೆ ರೈಲ್ವೇಲಿ, ಪೊಲೀಸಿನಲ್ಲಿ ಕೆಲಸ ಸಿಕ್ಕಿರೋ ಹುಡುಗೀರಿದಾರೆ ಅಂದೆ. ಅಜ್ಜಿ ಎಲ್ಲಾ ಕೇಳಿಸಿಕೊಂಡು, "ನಿಮ್ಮ ಸ್ವಂತ ಮಗಳಾಗಿದ್ರೆ ಕಳಿಸ್ತಿದ್ರಾ ತಾಯಿ?" ಅಂದ್ರು. ನಾನು ಸ್ವಂತ ತಂಗೀನ ಏನು ಮಾಡಿದೆ ಅಂತ ಅವರಿಗೆ ಹೇಗೆ ಹೇಳಲಿ. ಹುಡುಗಿ ಬಾಗಿಲ ಸಂದೀಲಿ ನಿಂತಿದ್ದಳು. ನಾನು ಎದ್ದು ಬಂದೆ.

ಅವಳು ಬರಲಿಲ್ಲ. ಇನ್ನೊಬ್ಬಳಿಗೆ ಪಾದ ಉಳುಕಿತ್ತು, ಮತ್ತೊಬ್ಬಳಿಗೆ ಅವತ್ತೇ ಇಂಟರ್ನಲ್ ಪರೀಕ್ಷೆ. ಸರಿಯಾಗಿ ಹನ್ನೊಂದು ಜನ ಉಳಿದ್ರು, ಬದಲಿಗೆ ಇಳಿಸೋಕೆ ಒಬ್ಬಳೂ ಇಲ್ಲ. ಆ ಪಂದ್ಯಕ್ಕೆ ನಾನೂ ಹೋಗಿದ್ದೆ, ಜೀವಮಾನದಲ್ಲಿ ಗ್ರೌಂಡಿಗೆ ಹೋಗಿ ಕೂತು ನೋಡಿದ ಮೊದಲ ಫುಟ್‌ಬಾಲು. ಮುಕ್ಕಾಲು ಪಾಲು ಆಟ ಆಗೋವರೆಗೂ 1–1. ಥ್ರೋಬಾಲ್ ಹುಡುಗಿ ಏನು ಹಾರಿ ಹಾರಿ ಹಿಡೀತಿದ್ಳು ಅಂತೀರಿ. ಆಮೇಲೆ ಕಾಲು ಎಳೆಯೋಕೆ ಶುರುವಾಯ್ತು. ಎದುರಿನೋರು ಮೂರು ಜನ ಹೊಸಬರನ್ನ ಇಳಿಸಿದ್ರು. ಮುಗಿಯೋಕೆ ಐದಾರು ನಿಮಿಷ ಇರುವಾಗ ಎಡಗಡೆಯಿಂದ, ಸರಿಯಾಗಿ ಎಡಗಡೆಯಿಂದಲೇ, ಚೆಂಡು ಬಂತು. 2–1. ಸೀಸನ್ ಮುಗೀತು. ಪುಟ್ಟಿ ಅಳಲಿಲ್ಲ, ಮನೆಗೆ ಬಂದು ಎರಡು ತಟ್ಟೆ ಚಿತ್ರಾನ್ನ ತಿಂದು ಮಲಗಿದಳು.

ಆ ರಾತ್ರಿ ತಂಗಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಹೊತ್ತು. ಪಂದ್ಯದ ಕತೆ ಎಲ್ಲಾ ಹೇಳಿ, ಹುಳಿಮಾವಿನ ಅಜ್ಜಿ ಕತೆ ಹೇಳಿ, ಆಮೇಲೆ 1984ರಲ್ಲಿ ಅಮ್ಮನಿಗೆ ಹೇಳಿದ್ದು ನಾನೇ ಕಣೆ ಅಂದೆ. ನಲವತ್ತೊಂದು ವರ್ಷದಿಂದ ಹೇಳಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಗೊತ್ತಿತ್ತು ಅಕ್ಕ. ಚಡ್ಡಿ ವಿಷಯ ನಿಂಗೊಬ್ಬಳಿಗೇ ಅಲ್ವಾ ಗೊತ್ತಿದ್ದಿದ್ದು" ಅಂದ್ಳು. ಕೋಪ ಇತ್ತಾ ಅಂತ ಕೇಳಿದೆ. ಇತ್ತು ಅಂದ್ಳು. ಈಗಲೂ ಇದೆಯಾ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ. ಅವಳೇ ಮಾತು ತಿರುಗಿಸಿ, ಪುಟ್ಟಿ ಎಲ್ಲಿ ಆಡ್ತಾಳೆ, ಮಧ್ಯದಲ್ಲಾ ಮುಂದೆನಾ, ಯಾವ ಕಾಲಲ್ಲಿ ಹೊಡೀತಾಳೆ, ಶೂ ಯಾವುದು ಅಂತೆಲ್ಲ ವಿಚಾರಿಸಿದಳು. ರೋಡಲ್ಲಿ ಓಡೋ ಶೂನಲ್ಲೇ ಆಡ್ತಾಳೆ ಅಂದಿದ್ದಕ್ಕೆ ಬೈದಳು. ಒದ್ದೆ ನೆಲದಲ್ಲಿ ಸ್ಟಡ್ ಇಲ್ಲದೆ ಆಡಿದ್ರೆ ಮೊಣಕಾಲು ತಿರುಚುತ್ತೆ, ನಿಂಗೆ ಅಷ್ಟೂ ಗೊತ್ತಾಗಲ್ವಾ ಅಂತ.

ಅವಳ ಮಗಳ ಎರಡು ಜೊತೆ ಸ್ಟಡ್ ಶೂ, ನಾಲ್ಕು ಜೊತೆ ಶಿನ್ ಗಾರ್ಡು ಅಲ್ಲಿ ಗ್ಯಾರೇಜಲ್ಲಿ ಬಿದ್ದಿವೆಯಂತೆ, ಪುಟ್ಟಿ ಅಳತೆಗೆ ಸರಿ ಹೋಗ್ತವೆ. ಡಿಸೆಂಬರಿನಲ್ಲಿ ಆ ಕಡೆಯಿಂದ ಬೆಂಗಳೂರಿಗೆ ಬರೋರು ನಿಮ್ಮಲ್ಲಿ ಯಾರಾದ್ರೂ ಇದ್ರೆ, ಪೆಟ್ಟಿಗೇಲಿ ಒಂದೂವರೆ ಕಿಲೋ ಜಾಗ ಇದ್ರೆ, ದಯವಿಟ್ಟು ನನಗೊಂದು ಫೋನ್ ಮಾಡಿ.